ಚಾನೆಲ್ ಖರ್ಚಿಗೆ ಯಾವ ಕಾರ್ಡ್? ಮೊದಲು ನಿಮ್ಮ ಸ್ಟೇಟ್‌ಮೆಂಟ್ ತೆಗೆಯಿರಿ

ಹೋದ ತಿಂಗಳಿಂದ ಒಂದೇ ಪ್ರಶ್ನೆ ಬರುತ್ತಿದೆ. ‘ಅಣ್ಣಾ, ಯೂಟ್ಯೂಬ್ ಚಾನೆಲ್ ಖರ್ಚಿಗೆ ಯಾವ ಕ್ರೆಡಿಟ್ ಕಾರ್ಡ್ ತಗೊಳ್ಳಲಿ?’ ಕೇಳುವವರಲ್ಲಿ ಕುರಿ ಸಾಕಣೆ ವಿಡಿಯೋ ಮಾಡುವ ಹುಡುಗ ಇದ್ದಾನೆ, ಮನೆಯಲ್ಲೇ ಕೂತು ಕುಬಸ ಹೊಲಿಯೋದು ಕಲಿಸುವ ಅಕ್ಕ ಇದ್ದಾರೆ, ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಗಣಿತ ಹೇಳಿಕೊಡುವ ಮೇಷ್ಟ್ರು ಇದ್ದಾರೆ. ಒಂದು ಕಾರ್ಡಿನ ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಈ ಮೂವರ ಖರ್ಚೂ ಬೇರೆ ಬೇರೆ. ನನಗೆ ಸರಿಹೋಗಿದ್ದು ಅವರಿಗೆ ನಷ್ಟ ಆಗಬಹುದು. ಅದಕ್ಕೇ ನಾನು ಹೇಗೆ ಆರಿಸಿದೆ ಅಂತ ಪೂರ್ತಿ ಬರೆಯುತ್ತಿದ್ದೇನೆ.

ನನ್ನದು ರಾಣೆಬೆನ್ನೂರು ಕಡೆಯ ಚಾನೆಲ್. ಕಳೆ ತೆಗೆಯುವ ಯಂತ್ರ, ಸ್ಪ್ರೇಯರ್, ರೋಟಾವೇಟರ್, ಸಣ್ಣ ರೈತರು ಕೊಳ್ಳುವಂಥ ಸಾಮಾನು. ಹೊಲಕ್ಕೆ ಹೋಗಿ ಓಡಿಸಿ ನೋಡಿ, ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನೋದು, ಇಲ್ಲದಿದ್ದರೆ ಇಲ್ಲ ಅನ್ನೋದು. ಮೊದಲ ಎರಡು ವರ್ಷ ಎಲ್ಲ ಖರ್ಚೂ ಉಳಿತಾಯ ಖಾತೆಯ ಡೆಬಿಟ್ ಕಾರ್ಡಿನಲ್ಲೇ. ಅದೇ ಖಾತೆಗೆ ಯೂಟ್ಯೂಬ್ ದುಡ್ಡು, ಅದೇ ಖಾತೆಯಿಂದ ಮಗಳ ಶಾಲೆ ಫೀ, ಅದೇ ಖಾತೆಯಿಂದ ಡೀಸೆಲ್.

ಅದು ಕೈ ಕೊಟ್ಟಿದ್ದು ಧಾರವಾಡದ ಕೃಷಿ ಮೇಳದಲ್ಲಿ. ಹಗಲೆಲ್ಲ ಮೇಳದಲ್ಲಿ ತಿರುಗಿ ಶೂಟ್ ಮಾಡಿ, ರಾತ್ರಿ ಲಾಡ್ಜಿಗೆ ಬಂದು, ಎಸ್‌ಡಿ ಕಾರ್ಡುಗಳನ್ನೆಲ್ಲ ದಿಂಬಿನ ಮೇಲೆ ಸಾಲಾಗಿ ಇಟ್ಟುಕೊಂಡು ಲ್ಯಾಪ್‌ಟಾಪ್ ತೆಗೆದೆ. ಎಡಿಟಿಂಗ್ ಸಾಫ್ಟ್‌ವೇರ್ ತೆರೆಯಲೇ ಇಲ್ಲ. ನಡುವೆ ಒಂದು ಬಿಳಿ ಪೆಟ್ಟಿಗೆ, ‘ಪಾವತಿ ಆಗಿಲ್ಲ’ ಅಂತ. ಹಿಂದಿನ ದಿನವೇ ಎಸ್‌ಎಂಎಸ್ ಬಂದಿತ್ತು, ಇಷ್ಟು ದುಡ್ಡು ನಾಳೆ ಕಟ್ ಆಗುತ್ತದೆ ಅಂತ. ಮೇಳದ ಗದ್ದಲದಲ್ಲಿ ಅದನ್ನು ನೋಡಿರಲಿಲ್ಲ. ಒಂದು ಕಂಪನಿಯಿಂದ 18,000 ರೂಪಾಯಿ ಬರಬೇಕಿತ್ತು, ಬಂದಿರಲಿಲ್ಲ, ಖಾತೆಯಲ್ಲಿ ಬೇಕಾದ್ದಕ್ಕಿಂತ 300 ರೂಪಾಯಿ ಕಡಿಮೆ ಇತ್ತು. ರಾತ್ರಿ ಹನ್ನೊಂದಕ್ಕೆ ತಮ್ಮನಿಗೆ ಫೋನ್ ಮಾಡಿ ದುಡ್ಡು ಹಾಕಿಸಿಕೊಂಡೆ, ಆದರೆ ಆ ರಾತ್ರಿ ಏನು ಮಾಡಿದರೂ ಪಾವತಿ ಹೋಗಲಿಲ್ಲ. ಮೇಳದ ವಿಡಿಯೋ ಮೇಳ ಮುಗಿದ ಮೇಲೆ ಹೋಯಿತು. ಮೇಳಕ್ಕೆ ಬರಬೇಕೋ ಬೇಡವೋ ಅಂತ ನನ್ನ ವಿಡಿಯೋ ನೋಡಿ ನಿರ್ಧಾರ ಮಾಡುವ ಜನ ಇದ್ದಾರೆ. ಅವರಿಗೆ ಅದು ಉಪಯೋಗಕ್ಕೆ ಬರಲಿಲ್ಲ. ಆ ಬೇಜಾರು ಇನ್ನೂ ಇದೆ.

ಊರಿಗೆ ಬಂದ ಮೇಲೆ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸಿದೆ. ಪಡಸಾಲೆಯಲ್ಲಿ ನೆಲದ ಮೇಲೆ ಹರಡಿ, ಮಗಳ ಸ್ಕೆಚ್ ಪೆನ್ ಇಸ್ಕೊಂಡು ಗೆರೆ ಹಾಕುತ್ತಾ ಹೋದೆ. ಡಾಲರಿನಲ್ಲಿ ಕಟ್ ಆಗಿದ್ದಕ್ಕೆ ಕೆಂಪು. ರೂಪಾಯಿಯಲ್ಲಿ ಪ್ರತಿ ತಿಂಗಳು ತಾನಾಗೇ ಕಟ್ ಆಗುವುದಕ್ಕೆ ಹಸಿರು. ದಾರಿ ಖರ್ಚಿಗೆ ನೀಲಿ, ಅಂದರೆ ಡೀಸೆಲ್, ಟೋಲ್, ಲಾಡ್ಜು, ಖಾನಾವಳಿ. ಗೆರೆ ಇಲ್ಲದೆ ಉಳಿದಿದ್ದು ಮನೆ ಖರ್ಚು. ಎರಡು ಗಂಟೆ ಹಿಡಿಯಿತು. ಕಾರ್ಡಿನ ಬಗ್ಗೆ ನಾನು ನೋಡಿದ ಅಷ್ಟೂ ವಿಡಿಯೋಗಳಿಗಿಂತ ಆ ಎರಡು ಗಂಟೆ ಜಾಸ್ತಿ ಕಲಿಸಿತು. ನೀವೂ ಕಾರ್ಡಿನ ಜಾಹೀರಾತು ನೋಡುವ ಮೊದಲು ಈ ಕೆಲಸ ಮಾಡಿ.

ನನ್ನ ಹಾಳೆಗಳಲ್ಲಿ ಕೆಂಪು ಗೆರೆ ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಇತ್ತು. ಸಂಗೀತದ ಲೈಸೆನ್ಸ್, ಥಂಬ್‌ನೇಲಿಗೆ ಒಂದು ಟೂಲ್, ಸಬ್‌ಟೈಟಲ್ ಮಾಡುವ ಇನ್ನೊಂದು. ಒಟ್ಟು ತಿಂಗಳಿಗೆ 60 ಡಾಲರ್ ಹತ್ತಿರ. ಡಾಲರಿನಲ್ಲಿ ಖರ್ಚು ಮಾಡಿದಾಗ ಬ್ಯಾಂಕು ಅದರ ಮೇಲೆ ಫಾರೆಕ್ಸ್ ಮಾರ್ಕಪ್ ಅಂತ ಹಾಕುತ್ತದೆ. ತುಂಬಾ ಕಾರ್ಡುಗಳಲ್ಲಿ ಅದು ಶೇ 3.5. ಆ ಮಾರ್ಕಪ್ ಮೇಲೆ ಮತ್ತೆ ಶೇ 18 ಜಿಎಸ್‌ಟಿ. ಎರಡೂ ಸೇರಿ ಶೇ 4.13. ಲೆಕ್ಕ ಸುಲಭ ಆಗಲಿ ಅಂತ ಡಾಲರಿಗೆ 90 ರೂಪಾಯಿ ಇಟ್ಟುಕೊಳ್ಳಿ. 60 ಡಾಲರಿಗೆ 5,400 ರೂಪಾಯಿ, ಅದರ ಮೇಲೆ 223 ರೂಪಾಯಿ ಬರೀ ಮಾರ್ಕಪ್. ವರ್ಷಕ್ಕೆ 2,676. ಮಾರ್ಕಪ್ ಶೇ 2 ಇರುವ ಕಾರ್ಡಿನಲ್ಲಿ ಇದೇ ಖರ್ಚಿಗೆ ವರ್ಷಕ್ಕೆ 1,529. ಮಾರ್ಕಪ್ಪೇ ಇಲ್ಲದ ಕಾರ್ಡುಗಳೂ ಇವೆ. ನೂರು ರೂಪಾಯಿಗೆ ಒಂದು ರೂಪಾಯಿ ರಿವಾರ್ಡ್ ಕೊಡುತ್ತೇವೆ ಅಂತ ಹೇಳುವ ಕಾರ್ಡು ಡಾಲರ್ ಖರ್ಚಿನಲ್ಲಿ ನಾಲ್ಕು ರೂಪಾಯಿ ಕಿತ್ತುಕೊಂಡರೆ ಏನು ಬಂತು? ಈ ಸಂಖ್ಯೆ ಜಾಹೀರಾತಿನಲ್ಲಿ ಇರುವುದಿಲ್ಲ. ‘ಶುಲ್ಕಗಳ ಪಟ್ಟಿ’ ಅಂತ ಒಂದು ಪಿಡಿಎಫ್ ಇರುತ್ತದೆ, ಅದರಲ್ಲಿ ಹುಡುಕಬೇಕು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಿಲ್ಲು ರೂಪಾಯಿಯಲ್ಲಿ ತೋರಿಸಿದ ಮಾತ್ರಕ್ಕೆ ಬಚಾವಾದೆ ಅಂದುಕೊಳ್ಳಬೇಡಿ. ಮಾರುವ ಕಂಪನಿ ಹೊರದೇಶದಲ್ಲಿ ನೋಂದಣಿ ಆಗಿದ್ದರೆ, ರೂಪಾಯಿ ಬಿಲ್ಲಿಗೂ ಶೇ 1ರಷ್ಟು ಶುಲ್ಕ ಹಾಕುವ ಬ್ಯಾಂಕುಗಳಿವೆ. ಸಣ್ಣ ಮೊತ್ತ, ಪ್ರತಿ ತಿಂಗಳು ಬೇರೆ ಸಾಲಿನಲ್ಲಿ ಬರುತ್ತದೆ, ಕಣ್ಣಿಗೆ ಬೀಳುವುದಿಲ್ಲ.

ಇನ್ನು ಹಸಿರು ಗೆರೆ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಹೀಗಿದೆ: ಕಾರ್ಡಿನಿಂದ ತಾನಾಗೇ ದುಡ್ಡು ಕಟ್ ಆಗಬೇಕಾದರೆ ಮೊದಲ ಸಲ ಓಟಿಪಿ ಕೊಟ್ಟು ನೋಂದಾಯಿಸಬೇಕು, ಪ್ರತಿ ಸಲ ಕಟ್ ಆಗುವ 24 ಗಂಟೆ ಮೊದಲು ಬ್ಯಾಂಕು ತಿಳಿಸಬೇಕು. ಓಟಿಪಿ ಇಲ್ಲದೆ ಕಟ್ ಆಗುವ ಮಿತಿ ಆಗ 5,000 ಇತ್ತು, 2022ರ ಜೂನ್‌ನಲ್ಲಿ 15,000ಕ್ಕೆ ಏರಿತು. ಇದು ನಮ್ಮ ಒಳ್ಳೆಯದಕ್ಕೇ ಬಂದ ನಿಯಮ, ಮರೆತ ಸಬ್‌ಸ್ಕ್ರಿಪ್ಷನ್ ಸುಮ್ನೆ ದುಡ್ಡು ತಿನ್ನುವುದು ನಿಂತಿತು. ಆದರೆ ಎಲ್ಲ ವಿದೇಶಿ ಸೈಟುಗಳೂ ಎಲ್ಲ ಬ್ಯಾಂಕುಗಳ ಜೊತೆ ಇದಕ್ಕೆ ಹೊಂದಿಕೊಂಡಿಲ್ಲ. ಒಂದು ಬ್ಯಾಂಕಿನ ಕಾರ್ಡಿನಲ್ಲಿ ಸಲೀಸಾಗಿ ಹೋಗುವ ಪಾವತಿ ಇನ್ನೊಂದರಲ್ಲಿ ಪ್ರತಿ ತಿಂಗಳು ಫೇಲ್ ಆಗುತ್ತದೆ. ಕಾರ್ಡ್ ತಗೊಳ್ಳುವ ಮೊದಲು ನೀವು ಬಳಸುವ ಅದೇ ಟೂಲನ್ನು ಅದೇ ಬ್ಯಾಂಕಿನ ಕಾರ್ಡಿನಲ್ಲಿ ಕಟ್ಟುತ್ತಿರುವ ಒಬ್ಬರನ್ನಾದರೂ ಕೇಳಿ. ಮತ್ತೆ, ಕಾರ್ಡಿನ ಅವಧಿ ಮುಗಿದು ಹೊಸ ನಂಬರ್ ಬಂದರೆ ಹಳೆಯ ನೋಂದಣಿಗಳನ್ನು ಮತ್ತೆ ಮಾಡಬೇಕಾಗುತ್ತದೆ. ನಾನು ಡೈರಿಯ ಕೊನೆ ಹಾಳೆಯಲ್ಲಿ ಯಾವ ಟೂಲು, ಯಾವ ತಾರೀಖು, ಎಷ್ಟು ದುಡ್ಡು ಅಂತ ಬರೆದಿಟ್ಟಿದ್ದೇನೆ. ಕಾರ್ಡು ಬದಲಾದ ದಿನವೇ ಒಂದೊಂದಾಗಿ ಹಾಕುತ್ತೇನೆ.

ನೀಲಿ ಗೆರೆಯದೇ ಬೇರೆ ಕಥೆ. ನನ್ನಂಥವರ ಅರ್ಧ ಖರ್ಚು ದಾರಿಯಲ್ಲೇ ಆಗುತ್ತದೆ, ಅದೂ ಕ್ಯೂಆರ್ ಕೋಡಿನ ಮುಂದೆ. ಖಾನಾವಳಿಯಲ್ಲಿ ಕಾರ್ಡ್ ಮಷಿನ್ ಎಲ್ಲಿರುತ್ತದೆ? ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ಸೌಲಭ್ಯ 2022ರ ಸೆಪ್ಟೆಂಬರ್‌ನಲ್ಲಿ ಬಂತು. ಅದು ಬಂದ ಮೇಲೆ ಟೀ, ಊಟ, ಪಂಕ್ಚರ್, ಝೆರಾಕ್ಸ್, ಎಲ್ಲ ಒಂದೇ ಸ್ಟೇಟ್‌ಮೆಂಟಿಗೆ ಬರುತ್ತದೆ. ಸದ್ಯ ವೀಸಾ, ಮಾಸ್ಟರ್‌ಕಾರ್ಡ್ ಕ್ರೆಡಿಟ್ ಕಾರ್ಡುಗಳನ್ನು ಹೀಗೆ ಜೋಡಿಸಲು ಬರುವುದಿಲ್ಲ. ಒಂದೇ ತೊಂದರೆ, ಈ ಕಾರ್ಡಿನಿಂದ ಅಂಗಡಿ ಕ್ಯೂಆರ್‌ಗೆ ಮಾತ್ರ ದುಡ್ಡು ಹೋಗುತ್ತದೆ, ವ್ಯಕ್ತಿಯ ಖಾತೆಗೆ ಹೋಗುವುದಿಲ್ಲ. ಬ್ಯಾಡಗಿ ದಾರಿಯಲ್ಲಿ ಒಂದು ಖಾನಾವಳಿ ಇದೆ, ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ ಕೊಡುವ ಅಜ್ಜಿ ಮಗನ ಹೆಸರಿನ ಸಾದಾ ಕ್ಯೂಆರ್ ಅಂಟಿಸಿದ್ದಾರೆ. ಅಲ್ಲಿ ಸ್ಕ್ಯಾನ್ ಮಾಡಿದರೆ ಕ್ರೆಡಿಟ್ ಕಾರ್ಡಿನ ಸಾಲೇ ಮಸುಕಾಗಿಬಿಡುತ್ತದೆ. ಅಂಥ ಕಡೆ ಖಾತೆಯಿಂದಲೇ ಕೊಡುತ್ತೇನೆ, ಅವತ್ತೇ ಬರೆದಿಟ್ಟುಕೊಳ್ಳುತ್ತೇನೆ. ಅಜ್ಜಿಯಂಥವರಿಗೆ ಒಂದು ಮಾತು ಹೇಳಬೇಕು, ಸಣ್ಣ ವ್ಯಾಪಾರಿಗಳಿಗೆ 2,000 ರೂಪಾಯಿವರೆಗಿನ ರುಪೇ ಕ್ರೆಡಿಟ್ ಪಾವತಿಗೆ ಶುಲ್ಕ ಇಲ್ಲ, ಅಂಗಡಿ ಕ್ಯೂಆರ್ ಮಾಡಿಸಿಕೊಂಡರೆ ನಷ್ಟ ಆಗುವುದಿಲ್ಲ.

ಡೀಸೆಲ್ ವಿಷಯ ಚಿಕ್ಕದು. ಕ್ರೆಡಿಟ್ ಕಾರ್ಡಿನಲ್ಲಿ ಹಾಕಿಸಿದರೆ ಶೇ 1 ಸರ್‌ಚಾರ್ಜ್ ಬೀಳುತ್ತದೆ, ತುಂಬಾ ಕಾರ್ಡುಗಳು ಅದನ್ನು ವಾಪಸ್ ಕೊಡುತ್ತವೆ, ಸಾಮಾನ್ಯವಾಗಿ 400ರಿಂದ 5,000 ರೂಪಾಯಿವರೆಗಿನ ಬಿಲ್ಲಿಗೆ. ಅದರ ಮೇಲಿನ ಜಿಎಸ್‌ಟಿ ಮಾತ್ರ ವಾಪಸ್ ಬರುವುದಿಲ್ಲ. ಡೀಸೆಲ್ ಖರ್ಚಿಗೆ ರಿವಾರ್ಡ್ ಕೊಡದ ಕಾರ್ಡುಗಳೇ ಜಾಸ್ತಿ.

ಇಷ್ಟು ಲೆಕ್ಕ ಹಿಡಿದುಕೊಂಡು ಒಂದು ಬ್ಯಾಂಕಿಗೆ ಹೋದೆ, ಬಿಸಿನೆಸ್ ಕ್ರೆಡಿಟ್ ಕಾರ್ಡ್ ಬೇಕು ಅಂದೆ. ಎರಡು ವರ್ಷದ ಐಟಿಆರ್, ಅಂದರೆ ಆದಾಯ ತೆರಿಗೆ ರಿಟರ್ನ್, ಕೇಳಿದರು, ಜಿಎಸ್‌ಟಿ ಸರ್ಟಿಫಿಕೇಟ್ ಕೇಳಿದರು, ಅಂಗಡಿ ಲೈಸೆನ್ಸ್ ಕೇಳಿದರು. ನನ್ನ ಹತ್ತಿರ ಒಂದು ವರ್ಷದ ಐಟಿಆರ್ ಮಾತ್ರ ಇತ್ತು. ಯೂಟ್ಯೂಬ್ ಅಂದಾಗ ಆ ಕಡೆಯವರ ಮುಖ ಬದಲಾಗಿದ್ದನ್ನು ನೋಡಿದೆ. ವಾಪಸ್ ಬಂದೆ. ಇವತ್ತು ಹೋಗುವವರಿಗೆ ಸ್ವಲ್ಪ ಸುಲಭ ಆಗಿರಬಹುದು, ಯಾಕೆಂದರೆ 2025ರಲ್ಲಿ ಬಂದ ಐಟಿಆರ್ ಫಾರಂಗಳಲ್ಲಿ ಸೋಶಿಯಲ್ ಮೀಡಿಯಾ ಇನ್‌ಫ್ಲುಯೆನ್ಸರ್‌ಗಳಿಗೆ ಅಂತಲೇ 16021 ಅನ್ನುವ ಕೋಡ್ ಕೊಟ್ಟಿದ್ದಾರೆ. ನಮ್ಮ ಕೆಲಸಕ್ಕೆ ಸರ್ಕಾರದ ಕಾಗದದಲ್ಲಿ ಒಂದು ಹೆಸರು ಸಿಕ್ಕಿತು. ಅದು ನನಗೆ ದೊಡ್ಡ ವಿಷಯ ಅನ್ನಿಸಿತು. ಆದಾಯ ಕಡಿಮೆ ಇದ್ದರೂ ಐಟಿಆರ್ ಹಾಕಿ, ಮುಂದೆ ಬ್ಯಾಂಕು ಮೊದಲು ಕೇಳುವುದು ಅದನ್ನೇ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿಯೂ ಮಾಡಿಸಿಕೊಳ್ಳಿ, ಆಧಾರ್, ಪ್ಯಾನ್ ಇದ್ದರೆ ಆನ್‌ಲೈನಿನಲ್ಲಿ ಆಗುತ್ತದೆ, ಒಂದು ಪೈಸೆ ಶುಲ್ಕ ಇಲ್ಲ. ಯಾರಾದರೂ ಮಾಡಿಸಿಕೊಡುತ್ತೇನೆ ಅಂತ ದುಡ್ಡು ಕೇಳಿದರೆ ಕೊಡಬೇಡಿ.

ನಾನು ಆಗ ಹಿಡಿದ ದಾರಿ ಎಫ್‌ಡಿ ಮೇಲಿನ ಕಾರ್ಡ್, ಅಂದರೆ ಬ್ಯಾಂಕಿನಲ್ಲಿ ಠೇವಣಿ ಇಟ್ಟು ಅದರ ಮೇಲೆ ತಗೊಳ್ಳುವ ಕಾರ್ಡ್. 60,000 ರೂಪಾಯಿ ಎಫ್‌ಡಿ ಇಟ್ಟೆ, 54,000 ಲಿಮಿಟ್ ಕೊಟ್ಟರು. ಸಂಬಳದ ಚೀಟಿ ಬೇಡ, ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ, ಸರಿಯಾಗಿ ಕಟ್ಟಿದರೆ ಸಿಬಿಲ್ ಸ್ಕೋರ್, ಅಂದರೆ ಸಾಲ ಕೊಡುವ ಮೊದಲು ಬ್ಯಾಂಕು ನೋಡುವ ಅಂಕ, ಬೆಳೆಯುತ್ತದೆ. ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಇದರ ಮೇಲೆ ‘ಬಿಸಿನೆಸ್’ ಅಂತ ಬರೆದಿರುವುದಿಲ್ಲ, ಪರವಾಗಿಲ್ಲ. ನನಗೆ ಆಗ ಬೇಕಿದ್ದದ್ದು ಚಾನೆಲ್ಲಿನ ದುಡ್ಡು ಮನೆಯ ದುಡ್ಡಿನಿಂದ ಬೇರೆ ಆಗುವುದು. ಆದರೆ ಒಂದು ಎಚ್ಚರ, ಪರ್ಸನಲ್ ಕಾರ್ಡನ್ನು ವ್ಯಾಪಾರಕ್ಕೆ ಬಳಸಬಾರದು ಅಂತ ಹಲವು ಬ್ಯಾಂಕುಗಳ ಷರತ್ತಿನಲ್ಲಿ ಇರುತ್ತದೆ. ತಿಂಗಳಿಗೆ ನಾಲ್ಕು ಸಬ್‌ಸ್ಕ್ರಿಪ್ಷನ್ ಕಟ್ಟುವುದು ಬೇರೆ, ಲಕ್ಷಗಟ್ಟಲೆ ಜಾಹೀರಾತು ಖರ್ಚು ಅದರಲ್ಲಿ ಓಡಿಸುವುದು ಬೇರೆ. ಖರ್ಚು ಬೆಳೆದಂತೆ ಬಿಸಿನೆಸ್ ಕಾರ್ಡಿಗೆ ಬದಲಾಗಲೇಬೇಕು. ಒಂದೂವರೆ ವರ್ಷದ ಮೇಲೆ ನಾನೂ ಬದಲಾದೆ.

ಬಿಸಿನೆಸ್ ಕಾರ್ಡ್ ಅಂದ ತಕ್ಷಣ ಸಾಲ ಬಿಸಿನೆಸ್ಸಿನದು ಅಂದುಕೊಳ್ಳುವವರಿದ್ದಾರೆ. ನಮ್ಮಂಥವರು ಹೆಚ್ಚಾಗಿ ಪ್ರೊಪ್ರೈಟರ್‌ಗಳು, ಅಂದರೆ ಒಬ್ಬರೇ ಮಾಲೀಕರು. ಪ್ಯಾನ್ ನಮ್ಮದೇ, ಸಾಲವೂ ನಮ್ಮದೇ, ಕಟ್ಟದಿದ್ದರೆ ಮುಂದೆ ಮನೆ ಸಾಲಕ್ಕೂ ತೊಂದರೆ. ಜಿಎಸ್‌ಟಿ ವಿಷಯದಲ್ಲೂ ಇಂಥದ್ದೇ ಒಂದು ತಪ್ಪು ತಿಳಿವಳಿಕೆ ಇದೆ, ಬಿಸಿನೆಸ್ ಕಾರ್ಡಿನಲ್ಲಿ ಕಟ್ಟಿದರೆ ಟ್ಯಾಕ್ಸ್ ವಾಪಸ್ ಬರುತ್ತದೆ ಅಂತ. ಬರುವುದು ಕಾರ್ಡಿನಿಂದ ಅಲ್ಲ, ಬಿಲ್ಲಿನಿಂದ. ನೀವು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಪ್ರತಿ ಟೂಲಿನ ಬಿಲ್ಲಿಂಗ್ ಪುಟಕ್ಕೆ ಹೋಗಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಬೇಕು, ಬಿಲ್ಲಿನ ಮೇಲೆ ಅದು ಅಚ್ಚಾಗಿ ಬರಬೇಕು. ಸೇವೆ ಕೊಡುವವರಿಗೆ ನೋಂದಣಿ ಕಡ್ಡಾಯ ಆಗುವುದು ಸಾಮಾನ್ಯವಾಗಿ ವರ್ಷಕ್ಕೆ 20 ಲಕ್ಷ ದಾಟಿದಾಗ. ನಿಮ್ಮ ಲೆಕ್ಕ ನೋಡುವವರನ್ನು ಒಮ್ಮೆ ಕೇಳಿಬಿಡಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ, ತಾರೀಖು. ಇದನ್ನು ಯಾರೂ ಹೇಳುವುದಿಲ್ಲ. ಯೂಟ್ಯೂಬ್ ದುಡ್ಡು ಆಡ್‌ಸೆನ್ಸ್‌ನಿಂದ, ಅಂದರೆ ಗೂಗಲ್ ನಮಗೆ ದುಡ್ಡು ಕೊಡುವ ಖಾತೆಯಿಂದ, ಹೊರಡುವುದು ತಿಂಗಳ 21ರಿಂದ 26ರ ನಡುವೆ, ಅದೂ 100 ಡಾಲರ್ ತುಂಬಿದ್ದರೆ. ನನ್ನ ಮೊದಲ ಕಾರ್ಡಿನ ಬಿಲ್ಲು ಕಟ್ಟುವ ಕೊನೆ ದಿನ 14. ಅಂದರೆ ಪ್ರತಿ ತಿಂಗಳೂ ದುಡ್ಡು ಬರುವ ಹತ್ತು ದಿನ ಮೊದಲೇ ಕಟ್ಟಬೇಕು. ಒಂದು ಸಲ ಮೈಕು, ಲೆನ್ಸು ಸೇರಿ 32,000 ರೂಪಾಯಿ ಸಾಮಾನು ತಗೊಂಡಿದ್ದೆ, 14ನೇ ತಾರೀಖಿಗೆ ಕೈಯಲ್ಲಿ ದುಡ್ಡಿಲ್ಲ, ‘ಮಿನಿಮಮ್’ ಅಂತ ತೋರಿಸಿದ 1,600 ಕಟ್ಟಿ ಸುಮ್ಮನಾದೆ. ಮುಂದಿನ ಬಿಲ್ಲು ನೋಡಿದಾಗ ಅರ್ಥ ಆಯಿತು. ಪೂರ್ತಿ ಕಟ್ಟದಿದ್ದರೆ ಬಡ್ಡಿ ಶುರುವಾಗುವುದು ಕೊಂಡ ದಿನದಿಂದ, ಕಟ್ಟುವ ಕೊನೆ ದಿನದಿಂದ ಅಲ್ಲ. ತಿಂಗಳಿಗೆ ಶೇ 3.5 ಅಂದರೆ 32,000ಕ್ಕೆ 1,120, ಮೇಲೆ ಜಿಎಸ್‌ಟಿ 200 ಚಿಲ್ಲರೆ. ಅಷ್ಟೇ ಅಲ್ಲ, ಆ ತಿಂಗಳು ಹೊಸದಾಗಿ ಮಾಡಿದ ಖರ್ಚಿಗೂ ಬಡ್ಡಿ ಇಲ್ಲದ ದಿನಗಳು ಸಿಗಲಿಲ್ಲ. ಡೀಸೆಲ್ಲಿಗೂ ಬಡ್ಡಿ, ಊಟಕ್ಕೂ ಬಡ್ಡಿ. ವರ್ಷಕ್ಕೆ ಲೆಕ್ಕ ಹಾಕಿದರೆ ಶೇ 42. ನಮ್ಮೂರ ಕೈಸಾಲದ ಬಡ್ಡಿಯನ್ನು ಬೈಯುವ ನಾವು ಇದನ್ನು ಸದ್ದಿಲ್ಲದೆ ಕಟ್ಟುತ್ತೇವೆ.

ಬಿಲ್ಲಿಂಗ್ ಸೈಕಲ್, ಅಂದರೆ ಬಿಲ್ಲು ತಯಾರಾಗುವ ತಾರೀಖು, ಬದಲಾಯಿಸಿಕೊಳ್ಳುವ ಹಕ್ಕು ನಮಗಿದೆ. ಕನಿಷ್ಠ ಒಂದು ಸಲವಾದರೂ ಅದಕ್ಕೆ ಅವಕಾಶ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಕಸ್ಟಮರ್ ಕೇರಿಗೆ ಫೋನ್ ಮಾಡಿ ಬಿಲ್ಲು 10ಕ್ಕೆ ಬರುವ ಹಾಗೆ ಮಾಡಿಸಿಕೊಂಡೆ, ಕಟ್ಟುವ ದಿನ 29ರ ಹತ್ತಿರಕ್ಕೆ ಬಂತು. ಆಡ್‌ಸೆನ್ಸ್ ದುಡ್ಡು ಬಂದ ಸಂಜೆಯೇ ಕಾರ್ಡಿಗೆ ಕಟ್ಟುತ್ತೇನೆ. ಅವತ್ತಿನಿಂದ ಒಂದು ಪೈಸೆ ಬಡ್ಡಿ ಕಟ್ಟಿಲ್ಲ.

ನಮ್ಮ ಕಾರ್ಡಿನಲ್ಲಿ ಬೇರೆಯವರ ಖರ್ಚು ಹಾಕುವ ಬಗ್ಗೆಯೂ ಹೇಳಬೇಕು. ಇಷ್ಟು ಖರ್ಚು ಮಾಡಿದರೆ ವಾರ್ಷಿಕ ಶುಲ್ಕ ಮಾಫಿ ಅಂತ ಇರುತ್ತದಲ್ಲ, ಅದನ್ನು ಮುಟ್ಟಲು ಗೆಳೆಯರ ಟ್ರ್ಯಾಕ್ಟರ್ ಟೈರು, ಮಾವನ ಗೊಬ್ಬರ, ಎಲ್ಲ ತಮ್ಮ ಕಾರ್ಡಿನಲ್ಲಿ ತಗೊಂಡು ದುಡ್ಡು ಕೈಗೆ ಇಸ್ಕೊಳ್ಳುವವರಿದ್ದಾರೆ. ವರ್ಷಕ್ಕೆ ಒಟ್ಟು 10 ಲಕ್ಷ, ಅಥವಾ ನಗದಾಗಿ 1 ಲಕ್ಷ ಕಾರ್ಡ್ ಬಿಲ್ಲು ಕಟ್ಟಿದರೆ ಬ್ಯಾಂಕು ಅದನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸುತ್ತದೆ. ಆಮೇಲೆ ನಿಮ್ಮ ಆದಾಯ ಇಷ್ಟು, ಖರ್ಚು ಅಷ್ಟು ಹೇಗೆ ಅಂತ ಉತ್ತರ ಕೊಡಬೇಕಾದವರು ನೀವು. ವಾರ್ಷಿಕ ಶುಲ್ಕ ಹೆಚ್ಚಿದ್ದರೆ ಕಾರ್ಡನ್ನೇ ಮುಚ್ಚಿಸಿ. ಬಾಕಿ ಇಲ್ಲದಿದ್ದರೆ ಕೇಳಿದ 7 ಕೆಲಸದ ದಿನದೊಳಗೆ ಬ್ಯಾಂಕು ಮುಚ್ಚಬೇಕು, ತಡ ಮಾಡಿದರೆ ದಿನಕ್ಕೆ 500 ರೂಪಾಯಿ ನಮಗೇ ಕೊಡಬೇಕು, ಇದು 2022ರಿಂದ ಇರುವ ನಿಯಮ.

ಭದ್ರತೆ ವಿಷಯಕ್ಕೆ ಬಂದರೆ, ಚಾನೆಲ್ ಹ್ಯಾಕ್ ಆದರೆ ವಿಡಿಯೋ ಮಾತ್ರ ಹೋಗುವುದಿಲ್ಲ. ಅದೇ ಗೂಗಲ್ ಖಾತೆಯಲ್ಲಿ ಕಾರ್ಡು ಉಳಿಸಿದ್ದರೆ ಅದರಲ್ಲಿ ಯಾರದೋ ಜಾಹೀರಾತು ಓಡಿಸಬಹುದು. ಹೊರದೇಶದ ಎಷ್ಟೋ ಸೈಟುಗಳು ಓಟಿಪಿ ಕೇಳುವುದೇ ಇಲ್ಲ. ಬ್ಯಾಂಕ್ ಆ್ಯಪಿನಲ್ಲಿ ಅಂತರರಾಷ್ಟ್ರೀಯ ಖರ್ಚಿನ ಮಿತಿ ಇರುತ್ತದೆ, ನಾನು ಅದನ್ನು 8,000ಕ್ಕೆ ಇಳಿಸಿಟ್ಟಿದ್ದೇನೆ. ನನ್ನ ಕೆಂಪು ಗೆರೆಗೆ ಅಷ್ಟು ಸಾಕು.

ನನ್ನ ಹತ್ತಿರ ಈಗ ಎರಡು ಕಾರ್ಡು ಇವೆ. ಒಂದು ವೀಸಾ, ಮಾರ್ಕಪ್ ಶೇ 2, ಸಬ್‌ಸ್ಕ್ರಿಪ್ಷನ್ನಿಗೆ ಮಾತ್ರ, ಅದು ಮೇಜಿನ ಡ್ರಾಯರಿನಿಂದ ಹೊರಗೇ ಬರುವುದಿಲ್ಲ. ಇನ್ನೊಂದು ರುಪೇ, ದಾರಿ ಖರ್ಚಿಗೆ. ಕೆಲವು ವಿದೇಶಿ ಸೈಟುಗಳು ರುಪೇ ತಗೊಳ್ಳುವುದಿಲ್ಲ, ಹಾಗಾಗಿ ಒಂದರಲ್ಲೇ ಎರಡೂ ಆಗಲಿಲ್ಲ. ಎಡಿಟಿಂಗ್ ಮಾಡಿಕೊಡುವ ಹುಡುಗನಿಗೆ ಮಾತ್ರ ಕಾರ್ಡಿನಿಂದ ಕೊಡುವುದಿಲ್ಲ, ಒಂದನೇ ತಾರೀಖು ನೇರ ಅವನ ಖಾತೆಗೆ ಹಾಕುತ್ತೇನೆ. ಕಾರ್ಡಿನ ಜೊತೆ ಕೊಡುವ ಏರ್‌ಪೋರ್ಟ್ ಲೌಂಜು, ಸಿನಿಮಾ ಟಿಕೆಟ್, ಇವನ್ನು ನಾನು ನೋಡಲೇ ಇಲ್ಲ.

ಕುರಿ ಹುಡುಗನ ಹಾಳೆಗಳನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು ನೋಡಿದೆ. ಕೆಂಪು ಒಂದೇ ಗೆರೆ, ತಿಂಗಳಿಗೆ 10 ಡಾಲರ್. ಉಳಿದಿದ್ದೆಲ್ಲ ನೀಲಿ. ಅವನಿಗೆ 25,000 ಎಫ್‌ಡಿ ಇಟ್ಟು ರುಪೇ ಒಂದನ್ನೇ ತಗೋ, ಆ 10 ಡಾಲರ್ ಡೆಬಿಟ್ ಕಾರ್ಡಿನಲ್ಲೇ ಹೋಗಲಿ ಅಂದೆ. ಹೊಲಿಗೆ ಅಕ್ಕನದು ಇನ್ನೂ ಬರಬೇಕು, ಮೂರು ತಿಂಗಳದ್ದು ಸಾಲದು, ಹಬ್ಬದ ತಿಂಗಳೂ ಸೇರಿ ಹನ್ನೆರಡು ತಿಂಗಳದ್ದು ಕಳಿಸಿ ಅಂತ ಹೇಳಿದ್ದೇನೆ.